ಒಂದೇ ಕ್ಯಾಮೆರಾದಲ್ಲಿ ಹರಿಯೋ ನೀರೂ ಬೇಕು, ಹಕ್ಕಿ ಪ್ರಾಣಿನೂ ಬೇಕು, ಹೇಗೆ ಮ್ಯಾನೇಜ್ ಮಾಡ್ತೀರಾ?

ಟೆಂಟ್‌ವಾಸಿ:
ಎಲ್ರಿಗೂ ನಮಸ್ಕಾರ. ಹೋದ ವಾರ ಮೂರು ದಿನ ಕ್ಯಾಂಪಿಂಗ್ ಹೋಗಿದ್ವಿ, ಟೆಂಟಿಂದ ಐದು ನಿಮಿಷ ನಡೆದ್ರೆ ಹೊಳೆ, ಒಳ್ಳೆ ಬಂಡೆಗಳು, ಸಣ್ಣ ಸಣ್ಣ ಝರಿಗಳು, ಫೋಟೋಗೆ ಹೇಳಿ ಮಾಡಿಸಿದ ಜಾಗ. ಸಂಜೆ ಟ್ರೈಪಾಡ್ ಹಾಕಿ ಶಟರ್ ಅರ್ಧ ಸೆಕೆಂಡ್ ತೆರೆದಿರೋ ಹಾಗೆ ಇಟ್ಟು ನೀರು ಹಾಲಿನ ಥರ ಬರ್ಲಿ ಅಂತ ಒದ್ದಾಡ್ತಾ ಇದ್ದೆ, ಅಷ್ಟ್ರಲ್ಲಿ ಎದುರು ಬಂಡೆ ಮೇಲೆ ಮಿಂಚುಳ್ಳಿ ಬಂದು ಕೂತ್ಕೊಳ್ತು. ಗಾಬರಿಗೆ ಲೆನ್ಸ್ ಬದಲಾಯ್ಸಿ ಕ್ಯಾಮೆರಾ ಕಿತ್ಕೊಂಡು ಕ್ಲಿಕ್ ಮಾಡಿದ್ರೆ ಶಟರ್ ಇನ್ನೂ ಅದೇ ಅರ್ಧ ಸೆಕೆಂಡ್‌ನಲ್ಲೇ ಇತ್ತು. ಸಿಕ್ಕಿದ್ದು ಒಂದು ನೀಲಿ ಗೀಟು ಅಷ್ಟೇ.

ಇನ್ನೊಂದು ಗೋಳು, ಮಧ್ಯಾಹ್ನ ತೆಗೆದ ನೀರಿನ ಫೋಟೋಗಳೆಲ್ಲ ಬೆಳ್ಳಗೆ ಸುಟ್ಟೋಗಿವೆ, ಲೆನ್ಸಿನ ಕಿಂಡಿ ತುಂಬಾ ಚಿಕ್ಕದು ಮಾಡಿ ಎಫ್/22 ಇಟ್ರೂ ಶಟರ್ ನಿಧಾನ ಆಗ್ಲಿಲ್ಲ, ಮೇಲಿಂದ ಬಂಡೆಗಳೂ ಮಂಕಾಗಿ ಬಂದಿವೆ. ನನ್ ಹತ್ರ ಇರೋದು ಒಂದು ಎಪಿಎಸ್-ಸಿ (ಸ್ವಲ್ಪ ಚಿಕ್ಕ ಸೆನ್ಸರಿನ) ಕ್ಯಾಮೆರಾ ಬಾಡಿ, 18-55 ಎಂಎಂ ಲೆನ್ಸ್, ದೂರದ್ದಕ್ಕೆ 70-300, ಒಂದು ಸಾಧಾರಣ ಟ್ರೈಪಾಡ್. ಮುಂದಿನ ತಿಂಗಳು ಮತ್ತೆ ಹೋಗ್ತೀವಿ. ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡೋ ಕಪ್ಪು ಗಾಜು) ತಗೊಳ್ಬೇಕಾ, ತಗೊಂಡ್ರೆ ಯಾವ್ದು? ಎರಡೂ ಥರದ ಫೋಟೋ ಒಂದೇ ಟ್ರಿಪ್ಪಲ್ಲಿ ಆಗೋ ಮಾತಾ?

ಹಳೇಟ್ರೈಪಾಡ್:
ನೀಲಿ ಗೀಟು ಡಿಲೀಟ್ ಮಾಡ್ಬೇಡಿ, ಎಲ್ರ ಹತ್ರನೂ ಒಂದಿರುತ್ತೆ ಅಂಥದ್ದು :)

ಮೊದ್ಲು ನೀರಿನ ವಿಷಯ. ಎಫ್/22 ಬಿಟ್ಬಿಡಿ. ಎಪಿಎಸ್-ಸಿ ಸೆನ್ಸರಲ್ಲಿ ಎಫ್/11 ದಾಟಿದ್ಮೇಲೆ ಡಿಫ್ರಾಕ್ಷನ್ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡ್ಕೊಳ್ಳೋದು) ಶುರು ಆಗಿ ಇಡೀ ಚಿತ್ರ ಸಾಫ್ಟ್ ಆಗ್ತಾ ಹೋಗುತ್ತೆ, ನಿಮ್ ಬಂಡೆ ಮಂಕಾಗಿದ್ದಕ್ಕೆ ಅರ್ಧ ಕಾರಣ ಅದೇ. ಇನ್ನರ್ಧ ಒದ್ದೆ ಕಲ್ಲಿನ ಮೇಲಿನ ಹೊಳಪು. ಅದಕ್ಕೆ ಎನ್‌ಡಿಗಿಂತ ಮುಂಚೆ ಒಂದು ಪೋಲರೈಸರ್ (ಹೊಳಪು ತೆಗೆಯೋ ಫಿಲ್ಟರ್) ತಗೊಳ್ಳಿ. ತಿರುಗಿಸ್ತಾ ಇದ್ದಂಗೆ ಕಲ್ಲಿನ ಮೇಲಿನ ಬಿಳಿ ಪದರ ಹೋಗಿ ಪಾಚಿ ಹಸಿರು ಎದ್ದು ಬರುತ್ತೆ, ನೀರಡಿಯ ಕಲ್ಲೂ ಕಾಣ್ಸುತ್ತೆ, ಜೊತೆಗೆ ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧಕ್ಕೆ) ಬೆಳಕನ್ನೂ ತಿನ್ನುತ್ತೆ, ನಮಗೂ ಅದೇ ಬೇಕು.

ಎನ್‌ಡಿ ಲೆಕ್ಕ ಹಿಂಗೆ, ಪಕ್ಕದ ನಂಬರ್ ಎಷ್ಟೋ ಅಷ್ಟು ಪಟ್ಟು ಬೆಳಕು ಕಮ್ಮಿ: ಫಿಲ್ಟರ್ ಇಲ್ದೆ ಶಟರ್ 1/60 ಸೆಕೆಂಡ್ ಬರ್ತಿದೆ ಅಂದ್ಕೊಳ್ಳಿ, ಎನ್‌ಡಿ8 ಹಾಕಿದ್ರೆ ಸುಮಾರು 1/8, ಎನ್‌ಡಿ64 ಹಾಕಿದ್ರೆ ಒಂದು ಸೆಕೆಂಡ್, ಎನ್‌ಡಿ1000 ಹಾಕಿದ್ರೆ 16 ಸೆಕೆಂಡ್. ಕಾಡೊಳಗಿನ ಹೊಳೆಗೆ ಎನ್‌ಡಿ1000 ಅತಿ ಆಯ್ತು, ನೀರು ಹೋಗಿ ಮಂಜು ಆಗ್ಬಿಡುತ್ತೆ. ಒಂದೇ ತಗೊಳ್ಳೋದಾದ್ರೆ ಎನ್‌ಡಿ64. ಎನ್‌ಡಿ1000 ಥರ ಕಪ್ಪು ಗಾಜು ಹಾಕಿದ್ಮೇಲೆ ಫೋಕಸ್ ಹುಡುಕಾಡುತ್ತೆ, ಹಂಗಾಗಿ ಮೊದ್ಲು ಫೋಕಸ್ ಮಾಡಿ ಮ್ಯಾನುಯಲ್‌ಗೆ ಹಾಕಿ, ಆಮೇಲೆ ಫಿಲ್ಟರ್. ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್/8, ಎರಡು ಸೆಕೆಂಡ್ ಟೈಮರ್. ಹಿಸ್ಟೋಗ್ರಾಮ್ (ಬೆಳಕಿನ ಗ್ರಾಫ್) ನೋಡಿ ನೊರೆಯ ಬಿಳುಪು ಬಲಗಡೆ ಗೋಡೆಗೆ ಬಡೀದಂಗೆ ಎಕ್ಸ್‌ಪೋಶರ್ ಇಳಿಸಿ, ರಾ ಫೈಲಲ್ಲಿ (ಕ್ಯಾಮೆರಾ ಸಂಸ್ಕರಿಸದ ಫೈಲ್) ನೆರಳು ಎತ್ಬಹುದು, ಸುಟ್ಟೋದ ನೊರೆ ವಾಪಸ್ ತರೋಕಾಗಲ್ಲ. ಆದ್ರೆ ಮಧ್ಯಾಹ್ನದ ಬಿಸಿಲು ಎಲೆ ಸಂದಿಯಿಂದ ತೂತು ತೂತಾಗಿ ಬೀಳ್ತಿದ್ರೆ ಯಾವ ಫಿಲ್ಟರೂ ಕಾಪಾಡಲ್ಲ, ಮೋಡ ಬರೋವರ್ಗೂ ನಿದ್ದೆ ಮಾಡಿ.

ಕಾಡುಕಿವಿ:
ಮೇಲಿನವ್ರು ನೀರಿನ ಬಗ್ಗೆ ಎಲ್ಲ ಹೇಳಿದಾರೆ, ನಾನು ಪ್ರಾಣಿ ಕಡೆ ಬರ್ತೀನಿ. ನಿಮ್ ತೊಂದ್ರೆ ಲೆನ್ಸಿಂದಲ್ಲ, ಸೆಟ್ಟಿಂಗ್ ಬದಲಾಯ್ಸೋಕೆ ಹಿಡಿಯೋ ಟೈಮಿಂದು. ಬಾಡಿ ಮೇಲಿನ ಡಯಲಲ್ಲಿ ಸಿ1 ಸಿ2 ಅಥ್ವಾ ಯು1 ಯು2 ಅಂತ ಇದ್ಯಾ ನೋಡಿ, ನಮ್ ಸೆಟ್ಟಿಂಗ್ ಸೇವ್ ಮಾಡಿಡೋ ಜಾಗ ಅದು. ಒಂದ್ರಲ್ಲಿ ನೀರು: ಮ್ಯಾನುಯಲ್, ಐಎಸ್ಒ 100, ಅರ್ಧ ಸೆಕೆಂಡ್. ಇನ್ನೊಂದ್ರಲ್ಲಿ ಪ್ರಾಣಿ: 1/1000, ಅಪರ್ಚರ್ (ಲೆನ್ಸಿನ ಕಿಂಡಿ) ಪೂರ್ತಿ ತೆರೆದು, ಆಟೋ ಐಎಸ್ಒ, ಕಂಟಿನ್ಯುಯಸ್ ಫೋಕಸ್, ಬರ್ಸ್ಟ್ (ಒತ್ತಿ ಹಿಡಿದಷ್ಟೂ ಸಾಲಾಗಿ ಫೋಟೋ). ಹಾರೋ ಹಕ್ಕಿಗೆ 1/2000 ಬೇಕು, ಸುಮ್ನೆ ನಿಂತಿರೋ ಜಿಂಕೆಗೆ 1/250 ಆದ್ರೂ ನಡೆಯುತ್ತೆ. ಐಎಸ್ಒ 3200 ಆಯ್ತು ಅಂತ ಹೆದ್ರಬೇಡಿ, ನಾಯ್ಸ್ (ಕಾಳು ಕಾಳು ಚುಕ್ಕೆ) ಇದ್ರೂ ಶಾರ್ಪ್ ಇರೋ ಫೋಟೋ ಫೋಟೋನೇ, ಬ್ಲರ್ ಆಗಿರೋದು ಕಸ.

ಆಮೇಲೆ ಟೈಮಿಂಗ್. ಬೆಳಗಾಗ್ತಿದ್ದಂಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಪ್ರಾಣಿಗಳು ಓಡಾಡ್ತವೆ, ದುರದೃಷ್ಟಕ್ಕೆ ನೀರಿಗೂ ಅದೇ ಒಳ್ಳೆ ಬೆಳಕು. ಹಂಗಾಗಿ ಭಾಗ ಮಾಡ್ಕೊಳ್ಳಿ: ಬೆಳಗ್ಗೆ ಪೂರ್ತಿ 70-300, ಸಂಜೆ ಪೂರ್ತಿ ನೀರು. ಸಂಜೆ ಮಿಂಚುಳ್ಳಿ ಬಂದ್ರೆ ಬರ್ಲಿ, ಕಣ್ತುಂಬ ನೋಡಿ. ಅದು ಅದೇ ಬಂಡೆಗೆ ನಾಳೆನೂ ಬರುತ್ತೆ, ಮೀನು ಹಿಡಿಯೋಕೆ ಅವಕ್ಕೆ ಮಾಮೂಲಿ ಜಾಗ ಇರ್ತವೆ, ಬಂಡೆ ಮೇಲೆ ಬಿಳಿ ಹಿಕ್ಕೆ ಗುರುತು ಇದ್ರೆ ಅದೇ ವಿಳಾಸ. ಮಾರನೇ ದಿನ ಬೆಳಕು ಹರಿಯೋ ಮುಂಚೆ ಹೋಗಿ ಕಡ್ಡಿ ಅಲ್ಲಾಡದಂಗೆ ಕೂತ್ಕೊಳ್ಳಿ, ನೆಲಕ್ಕೆ ಹತ್ರ ಕೂತಷ್ಟೂ ಹಿನ್ನೆಲೆ ಚೆನ್ನಾಗಿ ಬ್ಲರ್ ಆಗುತ್ತೆ.

ತಿಂಡಿ ಹಾಕಿ ಕರೆಯೋದು, ಮೊಬೈಲಲ್ಲಿ ಹಕ್ಕಿ ಕೂಗು ಹಾಕೋದು, ಗೂಡಿನ ಹತ್ರ ಹೋಗೋದು, ಇದ್ಯಾವ್ದೂ ಬೇಡ. ಪ್ರಾಣಿ ಮೇಯೋದು ನಿಲ್ಸಿ ತಲೆ ಎತ್ತಿ ನಿಮ್ಮನ್ನೇ ನೋಡ್ತಿದ್ರೆ ನೀವು ಆಗ್ಲೇ ಹೆಚ್ಚು ಹತ್ರ ಬಂದಾಗಿದೆ, ಹಿಂದೆ ಸರೀರಿ.

ನೀರ್ಗುಳ್ಳೆ:
ನಂದೊಂದು ತಕರಾರು. ಎಲ್ರೂ ಯಾಕೆ ನೀರನ್ನ ಹಾಲು ಮಾಡ್ತೀರಾ? ಹತ್ತರಲ್ಲಿ ಒಂಬತ್ತು ಫೋಟೋ ಒಂದೇ ಥರ, ಹೊಳೆನಾ ಹತ್ತಿನಾ ಗೊತ್ತಾಗಲ್ಲ. 1/8, 1/4 ಟ್ರೈ ಮಾಡಿ, ನೀರು ಹರಿಯೋದೂ ಕಾಣುತ್ತೆ, ಗೆರೆಗಳೂ ಉಳೀತವೆ. ಜೋರಾಗಿ ಬಂಡೆಗೆ ಬಡಿಯೋ ನೀರಾದ್ರೆ 1/1000 ಇಟ್ಟು ಹನಿ ಹನಿ ನಿಲ್ಸಿ, ಅದೇ ಸೆಟ್ಟಿಂಗಲ್ಲಿ ನಿಮ್ ಮಿಂಚುಳ್ಳಿನೂ ಸಿಗುತ್ತೆ, ಡಯಲ್ ತಿರುಗಿಸೋ ತಲೆನೋವೇ ಇಲ್ಲ.

ಮತ್ತೆ ಎನ್‌ಡಿ ಇಲ್ದೇನೂ ಆಗುತ್ತೆ. ಟ್ರೈಪಾಡ್ ಮೇಲೆ 1/30ರಲ್ಲಿ 16 ಫ್ರೇಮ್ ಸಾಲಾಗಿ ತೆಗೆದು ಕಂಪ್ಯೂಟರಲ್ಲಿ ಆವರೇಜ್ ಮಾಡಿದ್ರೆ ಹತ್ರ ಹತ್ರ ಅರ್ಧ ಸೆಕೆಂಡಿನ ಎಫೆಕ್ಟ್, ಮೇಲಿಂದ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತೆ. ಐಫೋನ್ ಇದ್ರೆ ಲೈವ್ ಫೋಟೋ ತೆಗೆದು ಆಮೇಲೆ ಲಾಂಗ್ ಎಕ್ಸ್‌ಪೋಶರ್ ಅಂತ ಆಯ್ಕೆ ಮಾಡಿ, ಬಾಡಿ ಪೂರ್ತಿ ಪ್ರಾಣಿಗೇ ಫ್ರೀ.

ಹಳೇಟ್ರೈಪಾಡ್:
@ನೀರ್ಗುಳ್ಳೆ 1/4 ಮಾತು ಒಪ್ಕೊಂಡೆ, ಹತ್ತಿ ಅಂದಿದ್ದು ಒಪ್ಪಲ್ಲ, ನಿಧಾನ ಹರಿಯೋ ಹೊಳೆಗೆ 1/4 ಇಟ್ರೆ ಫೋಕಸ್ ತಪ್ಪಿದ ಥರ ಕಾಣುತ್ತೆ ಅಷ್ಟೇ. ನೀರಿನ ಸ್ಪೀಡ್ ನೋಡಿ ಶಟರ್ ಇಡ್ಬೇಕು.

ಅಂದಹಾಗೆ ಎರಡನ್ನೂ ಒಂದೇ ಫ್ರೇಮಲ್ಲಿ ಹಿಡಿಯೋಕೂ ಆಗುತ್ತೆ. ಬಕ ನೀರಲ್ಲಿ ನಿಂತು ಮೀನಿಗೆ ಕಾಯೋವಾಗ ಕಲ್ಲಿನ ಥರ ಇರುತ್ತೆ. 300 ಎಂಎಂ, ಟ್ರೈಪಾಡ್, 1/15, ಮೂವತ್ತು ನಲವತ್ತು ಫ್ರೇಮ್ ಹೊಡೀರಿ, ಅದ್ರಲ್ಲಿ ಎರಡು ಮೂರರಲ್ಲಿ ಬಕ ಶಾರ್ಪ್ ಇದ್ದು ಕಾಲ್ಹತ್ರ ನೀರು ಗೆರೆ ಗೆರೆಯಾಗಿ ಬಂದಿರುತ್ತೆ. ನಂಗೆ ಇಷ್ಟ್ ವರ್ಷದಲ್ಲಿ ಖುಷಿ ಕೊಟ್ಟಿರೋದು ಇಂಥದ್ದೇ ಒಂದು ಫೋಟೋ.

ಮಂಜುಗಾಜು:
ಯಾರೂ ಇಬ್ಬನಿ ಬಗ್ಗೆ ಹೇಳ್ಲಿಲ್ವಲ್ಲ. ರಾತ್ರಿಯೆಲ್ಲ ಹೊರಗಿಟ್ಟು ತಣ್ಣಗಾದ ಕ್ಯಾಮೆರಾನ ನಾಲ್ಕು ಜನ ಮಲಗಿರೋ ಟೆಂಟ್ ಒಳಗೆ ತಂದ್ರೆ ಉಸಿರಿನ ತೇವ ಎಲ್ಲ ಲೆನ್ಸ್ ಮೇಲೆ ಕೂರುತ್ತೆ, ಒಳಗಿನ ಗಾಜಿಗೂ ಹೋಗುತ್ತೆ. ತರೋ ಮುಂಚೆ ಜಿಪ್ ಕವರಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ, ಕ್ಯಾಮೆರಾ ಒಳಗಿನ ಬಿಸಿಗೆ ಬಂದ್ಮೇಲೆ ತೆಗೀರಿ. ಬ್ಯಾಟರಿ ಚಳಿಗೆ ಬೇಗ ಇಳಿಯುತ್ತೆ, ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಕೊಂಡು ಮಲಗಿ. ಇನ್ನು ಹೊಳೆ ಮಧ್ಯದ ಕಲ್ಲಿನ ಮೇಲೆ ಟ್ರೈಪಾಡ್ ಇಡೋರಿಗೆ: ಮೇಲ್ಗಡೆ ಎಲ್ಲೋ ಮಳೆ ಆದ್ರೂ ಇಲ್ಲಿ ನೀರು ಏರುತ್ತೆ. ತಿಳಿನೀರು ಇದ್ದಕ್ಕಿದ್ದಂಗೆ ಕೆಂಪಾದ್ರೆ, ಕಡ್ಡಿ ಎಲೆ ತೇಲಿ ಬರೋಕೆ ಶುರು ಆದ್ರೆ ಫೋಟೋ ಅರ್ಧಕ್ಕೆ ಬಿಟ್ಟು ದಡಕ್ಕೆ ಬನ್ನಿ.

ಟೆಂಟ್‌ವಾಸಿ:
ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಪೋಲರೈಸರ್ ಮತ್ತೆ ಎನ್‌ಡಿ64 ತಗೊಂಡೆ. ಇವತ್ತು ಹಿತ್ತಲಲ್ಲಿ ಪೈಪ್ ನೀರು ಬಿಟ್ಕೊಂಡು ಸಿ1 ಸಿ2 ಪ್ರಾಕ್ಟೀಸ್ ಮಾಡ್ತಿದ್ದೆ, ಕಾಂಪೌಂಡ್ ಮೇಲೆ ಕಾಗೆ ಬಂದು ಕೂತ್ಕೊಳ್ತು. ಡಯಲ್ ಸರ್ರಂತ ಸಿ2ಗೆ ತಿರುಗಿಸಿ ಒತ್ತಿದ್ರೆ ಪೀಂ ಪೀಂ ಅಂತ ಎರಡು ಸೆಕೆಂಡ್ ಟೈಮರ್ ಓಡೋಕೆ ಶುರು ಆಯ್ತು. ಕಾಂಪೌಂಡ್ ಮಾತ್ರ ಸೂಪರ್ ಶಾರ್ಪ್ ಬಂದಿದೆ, ಕಾಗೆ ಇಲ್ಲ.

ಕಾಡುಕಿವಿ:
ಹಹ್ಹಹ್ಹಾ. ಕೆಲವು ಬಾಡಿಗಳಲ್ಲಿ ಟೈಮರ್ ಬರ್ಸ್ಟ್‌ಗೆಲ್ಲ ಬೇರೇನೇ ಡಯಲ್ ಇರುತ್ತೆ, ಅದು ಸಿ1 ಸಿ2ನಲ್ಲಿ ಸೇವ್ ಆಗಲ್ಲ. ಟೈಮರ್ ಬಿಟ್ಟು ವೈರ್ ರಿಮೋಟ್ ಹಾಕ್ಕೊಳ್ಳಿ, ಆ ಡಯಲ್ ಯಾವಾಗ್ಲೂ ಬರ್ಸ್ಟ್‌ನಲ್ಲೇ ಇರ್ಲಿ. ಕಾಗೆಗೆ ಹೇಳಿ, ನಾಳೆ ಬಾ ಅಂತ.