ಸ್ಪ್ರೇ ಡಬ್ಬಿಯ ಬಣ್ಣವನ್ನು ಏರ್‌ಬ್ರಷ್‌ಗಾಗಿ ಬಾಟಲಿಗೆ ಇಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 1965ರ ಕಾಲದ ನಮ್ಮ ವಾಯುಪಡೆಯ ನ್ಯಾಟ್ ವಿಮಾನದ 1/72 ಅಳತೆಯ ಮಾದರಿಯನ್ನು ಜೋಡಿಸಿ ಮುಗಿಸಿದ್ದೇನೆ. ನಮ್ಮ ತಂದೆಯವರು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಪರವಾನಗಿಯ ಮೇಲೆ ನ್ಯಾಟ್ ತಯಾರಾಗುತ್ತಿದ್ದುದು ಅಲ್ಲಿಯೇ ಆದ್ದರಿಂದ, ಇದನ್ನು ಅವರ ಕೈಗೆ ಕೊಡುವಾಗ ಬಣ್ಣದಲ್ಲಿ ಒಂದು ಕುಂದೂ ಇರಬಾರದೆಂಬುದು ನನ್ನ ಆಸೆ. ಲೋಹದ ಮೈಬಣ್ಣಕ್ಕಾಗಿ ತಮಿಯಾ ಕಂಪನಿಯ ಎಎಸ್-12 ಎಂಬ ಬೆಳ್ಳಿ ಬಣ್ಣದ ನೂರು ಮಿಲಿಲೀಟರಿನ ಸ್ಪ್ರೇ ಡಬ್ಬಿಯನ್ನು ತಂದಿದ್ದೇನೆ.

ಹಳೆಯ ಪ್ಲಾಸ್ಟಿಕ್ ಚಮಚವೊಂದರ ಮೇಲೆ ನೇರವಾಗಿ ಹೊಡೆದು ನೋಡಿದಾಗ ಬಣ್ಣ ಚೆನ್ನಾಗಿಯೇ ಕಂಡಿತು. ಆದರೆ ಒಂದೇ ಒತ್ತಿಗೆ ಬರುವ ಬಣ್ಣ ವಿಪರೀತ ಹೆಚ್ಚು. ಮಾದರಿಯ ಉದ್ದವೇ ಹನ್ನೆರಡು ಸೆಂಟಿಮೀಟರ್. ಅದರ ಮೇಲೆ ತಗಡುಗಳ ಸಂದುಗಳನ್ನು ತೋರಿಸುವ ಕೂದಲೆಳೆಯಂಥ ಪ್ಯಾನಲ್ ಗೆರೆಗಳು ಮುಚ್ಚಿಹೋಗುವುದು ಖಚಿತ. ಹಾಗಾಗಿ ಬಣ್ಣವನ್ನು ಡಬ್ಬಿಯಿಂದ ಹೊರತೆಗೆದು, ಗಾಳಿಯ ಒತ್ತಡದಿಂದ ಬಣ್ಣವನ್ನು ತೆಳುವಾಗಿ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ ಬಳಸಲು ನಿರ್ಧರಿಸಿದೆ. ಮೊದಲ ಪ್ರಯತ್ನದಲ್ಲಿ, ಬಳಸಿ ಎಸೆಯುವ ಪಾರದರ್ಶಕ ಪ್ಲಾಸ್ಟಿಕ್ ಲೋಟದೊಳಗೆ ಹೊಡೆದಾಗ ಲೋಟದ ತಳವೇ ಮೆತ್ತಗಾಗಿ ಕುಸಿಯಿತು. ಎರಡನೆಯ ಪ್ರಯತ್ನದಲ್ಲಿ ಗಾಜಿನ ಲೋಟವನ್ನು ಬಳಸಿ, ಐದು ನಿಮಿಷ ಕಾದು, ಏರ್‌ಬ್ರಷ್‌ನ ಬಟ್ಟಲಿಗೆ ಸುರಿದರೆ ಬಣ್ಣವು ಬಟ್ಟಲಿನಲ್ಲೇ ಕುದಿಯತೊಡಗಿತು. ಮುಂಭಾಗದಿಂದ ಹನಿಹನಿಯಾಗಿ ಸಿಡಿಯಿತು. ಎಷ್ಟು ಹೊತ್ತು ಕಾಯಬೇಕು, ಯಾವ ಥಿನ್ನರ್ ಬೆರೆಸಬೇಕು, ಡಬ್ಬಿಯನ್ನು ಮೊದಲು ತಣ್ಣಗೆ ಮಾಡಬೇಕೆಂದು ಕೆಲವರು ಹೇಳುವುದು ಸರಿಯೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಮಸ್ಕಾರ. ನಿಮ್ಮ ಎರಡೂ ಪ್ರಯತ್ನಗಳು ಕೆಟ್ಟದ್ದಕ್ಕೆ ಕಾರಣಗಳು ಬೇರೆ ಬೇರೆ. ಆ ಲೋಟ ಬಹುಶಃ ಪಾಲಿಸ್ಟೈರೀನ್‌ನದು, ಅಂದರೆ ನಿಮ್ಮ ವಿಮಾನದ ಮಾದರಿಯೂ ಆಗಿರುವ ಅದೇ ಪ್ಲಾಸ್ಟಿಕ್. ತಮಿಯಾದ ಟಿಎಸ್ ಮತ್ತು ಎಎಸ್ ಡಬ್ಬಿಗಳಲ್ಲಿರುವುದು ಲ್ಯಾಕರ್, ಅಂದರೆ ತೀಕ್ಷ್ಣ ದ್ರಾವಕದಲ್ಲಿ ಕರಗಿಸಿದ, ಬೇಗ ಆರುವ ಬಣ್ಣ. ತೆಳುವಾಗಿ ಬಿದ್ದು ಕ್ಷಣದಲ್ಲಿ ಆರಿದರೆ ಅದು ಪ್ಲಾಸ್ಟಿಕ್ಕನ್ನು ಕಚ್ಚಿ ಹಿಡಿಯುತ್ತದೆ, ಕೊಚ್ಚೆಯಾಗಿ ನಿಂತರೆ ಅದನ್ನೇ ಕರಗಿಸುತ್ತದೆ. ಆದ್ದರಿಂದ ಗಾಜಿನ ಶೀಶೆಯೇ ಸರಿ. ಜಾಮ್ ಅಥವಾ ಉಪ್ಪಿನಕಾಯಿಯ ಸಣ್ಣ ಶೀಶೆಯನ್ನು ತೊಳೆದು, ಎಣ್ಣೆಯ ಪಸೆ ಒಂದಿಷ್ಟೂ ಉಳಿಯದಂತೆ ಒರೆಸಿ ಇಟ್ಟುಕೊಳ್ಳಿ.

ಎರಡನೆಯದು ಅನಿಲದ ಪ್ರಶ್ನೆ. ಬಣ್ಣವನ್ನು ಹೊರದೂಡಲು ಡಬ್ಬಿಯಲ್ಲಿ ತುಂಬಿರುವ ಡೈಮೀಥೈಲ್ ಈಥರ್ ಅಥವಾ ಎಲ್‌ಪಿಜಿಯಂಥ ಅನಿಲವು ಅಲ್ಲಿ ಒತ್ತಡದಿಂದಾಗಿ ದ್ರವವಾಗಿಯೇ ಇರುತ್ತದೆ ಮತ್ತು ಬಣ್ಣದೊಡನೆ ಬೆರೆತಿರುತ್ತದೆ. ಡೈಮೀಥೈಲ್ ಈಥರ್‌ನ ಕುದಿಬಿಂದು ಸೊನ್ನೆಗಿಂತ ಸುಮಾರು 25 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹಾಗಾಗಿ ಡಬ್ಬಿಯಿಂದ ಹೊರಬಂದೊಡನೆ ಅದು ಕುದಿಯತೊಡಗುತ್ತದೆ, ಕುದಿಯುತ್ತ ಬಣ್ಣದ ಶಾಖವನ್ನೇ ಹೀರಿಕೊಳ್ಳುತ್ತದೆ. ಬಣ್ಣ ತಣ್ಣಗಾದಷ್ಟೂ ಕುದಿತ ನಿಧಾನವಾಗುತ್ತದೆ. ಗಾಜಿನ ಲೋಟದ ಹೊರಮೈಯಲ್ಲಿ ನೀರಿನ ಹನಿಗಳು ಮೂಡಿದ್ದನ್ನು ನೀವೂ ಗಮನಿಸಿರಬಹುದು. ಮೇಲ್ನೋಟಕ್ಕೆ ಶಾಂತವಾಗಿ ಕಾಣುವ ಬಣ್ಣದೊಳಗೆ ಇನ್ನೂ ಬೇಕಾದಷ್ಟು ಅನಿಲ ಉಳಿದಿರುತ್ತದೆಂಬುದನ್ನು ಮರೆತರೆ ನಿಮಗಾದಂತೆಯೇ ಆಗುತ್ತದೆ.

ನನ್ನ ಕ್ರಮ ಹೀಗಿದೆ. ಡಬ್ಬಿಯನ್ನು ಎರಡು ಮೂರು ನಿಮಿಷ ಚೆನ್ನಾಗಿ ಕುಲುಕುತ್ತೇನೆ. ಲೋಹದ ಬಣ್ಣವಾದರೆ ಇನ್ನೂ ಹೆಚ್ಚು, ಏಕೆಂದರೆ ಅದರ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಎಳನೀರಿನ ಸ್ಟ್ರಾ ಒಂದರ ತುಂಡನ್ನು ಡಬ್ಬಿಯ ಗುಂಡಿಯ ರಂಧ್ರಕ್ಕೆ ಎದುರಾಗಿ ಹಿಡಿದು, ಸುತ್ತಲೂ ಟೇಪ್ ಸುತ್ತುತ್ತೇನೆ. ಶೀಶೆಯ ಬಾಯಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ, ಸ್ಟ್ರಾ ತೂರುವಷ್ಟು ಒಂದು ತೂತು, ಅನಿಲ ಹೊರಹೋಗಲು ಪಕ್ಕದಲ್ಲಿ ಇನ್ನೊಂದು ತೂತು ಮಾಡುತ್ತೇನೆ. ಸ್ಟ್ರಾದ ತುದಿ ಶೀಶೆಯ ಒಳಗೋಡೆಗೆ ತಾಗುವಂತಿರಬೇಕೇ ಹೊರತು ಬಣ್ಣದೊಳಗೆ ಮುಳುಗಿರಬಾರದು. ಬಳಿಕ ಗುಂಡಿಯನ್ನು ಮೆಲ್ಲಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಬಣ್ಣ ಗೋಡೆಯುದ್ದಕ್ಕೂ ಇಳಿಯುವಂತೆ ನೋಡಿಕೊಳ್ಳುತ್ತೇನೆ. ನಿಮ್ಮ ನ್ಯಾಟ್‌ಗೆ ಎಂಟು ಹತ್ತು ಮಿಲಿಲೀಟರ್ ಸಾಕೋ ಸಾಕು.

ಅಲ್ಲಿಂದ ಮುಂದೆ ಕಾಯುವುದೇ ಕೆಲಸ. ಒಂದು ಗಂಟೆಯ ನಂತರ ಹಲ್ಲುಕಡ್ಡಿಯೊಂದನ್ನು ಬಣ್ಣದಲ್ಲಿ ಅದ್ದಿ ನೋಡಿ. ತಳದಿಂದ ಗುಳ್ಳೆಗಳೆದ್ದು, ಒಲೆಯ ಮೇಲಿನ ಹಾಲು ಉಕ್ಕಿ ಬಂದಂತೆ ಬಣ್ಣವು ಶೀಶೆಯ ಕುತ್ತಿಗೆಯವರೆಗೆ ಏರುತ್ತದೆ. ಅದಕ್ಕಾಗಿಯೇ ಶೀಶೆಯನ್ನು ಕಾಲುಭಾಗಕ್ಕಿಂತ ಹೆಚ್ಚು ತುಂಬಬಾರದು. ತೂತುಳ್ಳ ಫಾಯಿಲ್ ಮಾತ್ರ ಮುಚ್ಚಿ ರಾತ್ರಿಯೆಲ್ಲ ಹಾಗೆಯೇ ಬಿಡಿ. ಬೆಳಿಗ್ಗೆ ಕಡ್ಡಿಯಿಂದ ಮೆಲ್ಲಗೆ ಕದಡಿದಾಗ ಗುಳ್ಳೆಗಳೇಳದಿದ್ದರೆ ಬಣ್ಣ ಸಿದ್ಧವಾಯಿತೆಂದು ತಿಳಿಯಿರಿ. ಎದ್ದರೆ ಇನ್ನೂ ಕೆಲವು ಗಂಟೆ ಬಿಡಿ. ಕೆಲಸ ಆರಂಭಿಸಿದ ವರ್ಷ ನಾನು ಎರಡೇ ಗಂಟೆ ಕಾದು, ಶೀಶೆಗೆ ಮುಚ್ಚಳವನ್ನು ಬಿಗಿದು ಕಪಾಟಿನಲ್ಲಿಟ್ಟಿದ್ದೆ. ಮಧ್ಯಾಹ್ನದ ಸೆಖೆಗೆ ಒತ್ತಡ ಏರಿ ಮುಚ್ಚಳ ಹಾರಿ, ಮೂರು ತಿಂಗಳ ಶ್ರಮದ ಮಾದರಿಯೊಂದರ ಮೇಲೆಲ್ಲ ಕೆಂಪು ಬಣ್ಣ ಚೆಲ್ಲಿತು. ಅದನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಡಬ್ಬಿಯನ್ನು ತಣ್ಣಗೆ ಮಾಡಿದರೆ ಒಳಗಿನ ಒತ್ತಡ ತಗ್ಗಿ ಬಣ್ಣ ಸೌಮ್ಯವಾಗಿ ಬರುತ್ತದೆ. ಆ ಮಾತು ನಿಜ. ನಾನು ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡುತ್ತೇನೆ. ಥಿನ್ನರ್ ವಿಷಯದಲ್ಲಿ ನನ್ನ ಆಯ್ಕೆ ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್. ಆರುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಅದರಲ್ಲಿಯೇ ಬೆರೆತಿರುವುದರಿಂದ ನಮ್ಮ ಬೇಸಿಗೆಯಲ್ಲೂ ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುವುದಿಲ್ಲ.

ಎರಡನೆಯ ಉತ್ತರ

ಮೇಲಿನವರು ಹೇಳಿದ ಕ್ರಮವನ್ನು ನಾನೂ ಬಹುಪಾಲು ಅನುಸರಿಸುತ್ತೇನೆ. ಆದರೆ ಫ್ರಿಜ್‌ನ ಸಲಹೆಯನ್ನು ಒಪ್ಪಲಾರೆ, ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ. ಮನೆಯ ಫ್ರಿಜ್ ಎಂದರೆ ಮುಚ್ಚಿದ ಪೆಟ್ಟಿಗೆ. ದೀಪದ ಸ್ವಿಚ್, ಥರ್ಮೋಸ್ಟಾಟ್ ಮುಂತಾದವುಗಳಲ್ಲಿ ಕಿಡಿ ಹಾರುವ ಸಾಧ್ಯತೆ ಇರುತ್ತದೆ. ಒಮ್ಮೆ ಬಳಸಿದ ಡಬ್ಬಿಯ ಕವಾಟ ಒಣಗಿದ ಬಣ್ಣದಿಂದಾಗಿ ಪೂರ್ತಿ ಮುಚ್ಚದೆ ಸೋರಿದರೆ, ಹೊತ್ತಿಕೊಳ್ಳುವ ಅನಿಲ ಅಲ್ಲಿಯೇ ತುಂಬಿಕೊಳ್ಳುತ್ತದೆ. ಬಕೆಟ್ಟಿನ ತಣ್ಣೀರಿಗೆ ನಾಲ್ಕು ಮಂಜುಗಡ್ಡೆ ಹಾಕಿ ಡಬ್ಬಿಯನ್ನು ಅದರಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಅದೇ ಫಲ ಸಿಗುತ್ತದೆ. ಕುಲುಕುವ ಕೆಲಸವನ್ನು ಮಾತ್ರ ತಣ್ಣಗೆ ಮಾಡುವ ಮೊದಲೇ ಮುಗಿಸಿಕೊಳ್ಳಿ.

ಈ ಅನಿಲಗಳೆಲ್ಲ ಗಾಳಿಗಿಂತ ಭಾರ. ಅವು ಮೇಲೇರಿ ಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತವೆ. ಆದ್ದರಿಂದ ಕಿಟಕಿ ತೆರೆದಿದ್ದರೆ ಸಾಲದು. ನೆಲಮಟ್ಟದಲ್ಲಿ ಗಾಳಿಯಾಡುವ ಬಾಲ್ಕನಿ ಅಥವಾ ತಾರಸಿಯೇ ಒಳ್ಳೆಯದು. ರಾತ್ರಿಯಿಡೀ ಶೀಶೆ ಇರಬೇಕಾದ ಜಾಗವೂ ಅದೇ. ನಮ್ಮ ಮನೆಯಲ್ಲಿ ದೇವರ ಕೋಣೆ ಬಾಲ್ಕನಿಗೆ ಹೊಂದಿಕೊಂಡಿರುವುದರಿಂದ, ಸಂಜೆಯ ದೀಪ ಆರಿದ ಮೇಲಲ್ಲದೆ ನಾನು ಡಬ್ಬಿಯನ್ನು ಮುಟ್ಟುವುದೇ ಇಲ್ಲ. ಧೂಳಿಗೆಂದು ಹಾಕುವ ಬಟ್ಟೆಯ ಮಾಸ್ಕ್ ಆಗಲಿ ಎನ್95 ಆಗಲಿ ದ್ರಾವಕದ ಆವಿಯನ್ನು ತಡೆಯುವುದಿಲ್ಲ; ಸಾವಯವ ಆವಿಗೆಂದೇ ಬರುವ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಕಣ್ಣಿಗೆ ಕನ್ನಡಕ ಇರಲಿ, ಏಕೆಂದರೆ ಸ್ಟ್ರಾ ಜಾರಿದರೆ ಬಣ್ಣ ಮೊದಲು ಚಿಮ್ಮುವುದು ಮುಖದ ಕಡೆಗೆ.

ಇನ್ನೊಂದು ಮಾತು. ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಅನಿಲವನ್ನೆಲ್ಲ ಮೊದಲು ಬಿಟ್ಟು, ಆಮೇಲೆ ತೂತು ಕೊರೆದು ಬಣ್ಣ ಸುರಿದುಕೊಳ್ಳುವವರೂ ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಬಣ್ಣದಲ್ಲಿ ಕರಗಿರುವ ಅನಿಲ ಹಾಗೆ ಪೂರ್ತಿ ಹೋಗುವುದಿಲ್ಲ, ಮೊಳೆ ತಗುಲಿದಾಗ ಹಾರುವ ಒಂದು ಕಿಡಿ ಸಾಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ತಾರಸಿಯ ಮೇಲೆ, ಮಂಜುಗಡ್ಡೆಯ ನೀರಿನ ಕ್ರಮದಲ್ಲಿಯೇ ಬಣ್ಣವನ್ನು ಇಳಿಸಿಕೊಂಡೆ. ಬೆಳಿಗ್ಗೆ ಕದಡಿದಾಗ ಒಂದೂ ಗುಳ್ಳೆ ಏಳಲಿಲ್ಲ. ಈಗ ಎರಡು ಸಂದೇಹಗಳು ಉಳಿದಿವೆ. ಬೆಳ್ಳಿಯ ಪುಡಿ ಹತ್ತು ನಿಮಿಷದೊಳಗೆ ತಳಕ್ಕೆ ಇಳಿಯುತ್ತಿದೆ, ಇದು ಸಹಜವೇ? ಲೆವೆಲಿಂಗ್ ಥಿನ್ನರ್ ಸಿಗಲು ಎರಡು ವಾರವಾಗುತ್ತದೆಂದು ಅಂಗಡಿಯವರು ಹೇಳುತ್ತಿರುವುದರಿಂದ, ಹಾರ್ಡ್‌ವೇರ್ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ನಡೆಯುತ್ತದೆಯೇ?

ಮೂರನೆಯ ಉತ್ತರ

ಪುಡಿ ತಳಕ್ಕಿಳಿಯುವುದು ಸಹಜ. ಬಣ್ಣ ತೆಳುವಾದಷ್ಟೂ ಬೇಗ ಇಳಿಯುತ್ತದೆ. ಒಂದು ಸಲಕ್ಕೆ ಎಂಟು ಹತ್ತು ಹನಿ ಮಾತ್ರ ಬಟ್ಟಲಿಗೆ ಹಾಕಿಕೊಂಡು, ಪ್ರತಿ ಬಾರಿಯೂ ಶೀಶೆಯನ್ನು ಕದಡಿದ ಮೇಲೆಯೇ ಡ್ರಾಪರ್‌ನಿಂದ ತೆಗೆದುಕೊಳ್ಳಿ. 0.3 ಮಿಲಿಮೀಟರಿನ ಸೂಜಿ ಸಾಕು, 0.2ರಲ್ಲಿ ಲೋಹದ ಬಣ್ಣ ಕಟ್ಟಿಕೊಳ್ಳುವುದು ಹೆಚ್ಚು. ಎರಡು ಪಾಲು ಬಣ್ಣಕ್ಕೆ ಒಂದು ಪಾಲು ಥಿನ್ನರ್, ಕಂಪ್ರೆಸರ್‌ನ ಗಾಳಿಯ ಒತ್ತಡ ಹದಿನೈದು ಪಿಎಸ್‌ಐ ಆಸುಪಾಸು, ಇದು ನನ್ನ ಅಳತೆ.

ಎನ್‌ಸಿ ಥಿನ್ನರ್ ಅನ್ನು ಏರ್‌ಬ್ರಷ್ ತೊಳೆಯಲು ಇಟ್ಟುಕೊಳ್ಳಿ, ಬಣ್ಣಕ್ಕೆ ಬೆರೆಸಬೇಡಿ. ಅದು ಮರಗೆಲಸದ ಪಾಲಿಶ್‌ಗೂ ವಾಹನಗಳ ಬಣ್ಣಕ್ಕೂ ಆಗಿಬರುವ ವಸ್ತು, ಮಿಶ್ರಣ ಒಂದೊಂದು ತಯಾರಕರದು ಒಂದೊಂದು ರೀತಿ. ಒಂದು ಡಬ್ಬಿ ಚಮಚದ ಮೇಲೆ ಚೆನ್ನಾಗಿ ಕೂತಿತೆಂದು ಇನ್ನೊಂದನ್ನು ನಂಬುವಂತಿಲ್ಲ. ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಯೊಂದರಿಂದ ಟಚ್‌ಅಪ್ ಸ್ಪ್ರೇ ತಂದು, ಇದೇ ರೀತಿ ಶೀಶೆಗೆ ಇಳಿಸಿ, ಎನ್‌ಸಿ ಥಿನ್ನರ್ ಬೆರೆಸಿ ಹೊಡೆದಾಗ ನನ್ನ ಮಾದರಿಯ ರೆಕ್ಕೆಯ ಮೇಲ್ಮೈ ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಯಿತು, ಮರಳುಕಾಗದ ಹಾಕಿ ಉಜ್ಜಿದರೂ ಪ್ಯಾನಲ್ ಗೆರೆಗಳು ಮರಳಿ ಬರಲಿಲ್ಲ. ಎರಡು ವಾರ ಕಾಯಿರಿ. ಗುಳ್ಳೆ ನಿಂತ ಬಣ್ಣವನ್ನು ಈಗ ಧಾರಾಳವಾಗಿ ಮುಚ್ಚಳ ಹಾಕಿ ಇಡಬಹುದು, ಮೊದಲ ಎರಡು ದಿನ ಸಂಜೆಗೊಮ್ಮೆ ತೆರೆದು ನೋಡಿದರೆ ಸಾಕು.

ಆ ಎರಡು ವಾರದಲ್ಲಿ ಮಾಡಬೇಕಾದ ಕೆಲಸವೊಂದಿದೆ. ಬೆಳ್ಳಿ ಬಣ್ಣವು ಕೆಳಗಿನ ಮೈಯ ಒಂದೊಂದು ಗೀರನ್ನೂ ಎತ್ತಿ ತೋರಿಸುತ್ತದೆ. ಜೋಡಣೆಯ ಸಂದುಗಳನ್ನು 1500 ನಂಬರಿನ ಮರಳುಕಾಗದದಲ್ಲಿ ನೀರು ಹಾಕಿ ಉಜ್ಜಿ, ಮಿಸ್ಟರ್ ಸರ್ಫೇಸರ್ 1500 ಎಂಬ ಪ್ರೈಮರ್ ಸಿಕ್ಕಿದರೆ ಅದರ ಕಪ್ಪು ಬಣ್ಣವನ್ನು ತೆಳುವಾಗಿ ಹೊಡೆದು, ಟ್ಯೂಬ್‌ಲೈಟಿನ ಕೆಳಗೆ ಮಾದರಿಯನ್ನು ಮೆಲ್ಲಗೆ ಹೊರಳಿಸುತ್ತ ನೋಡಿ. ಬೆಳಕಿನ ಗೆರೆ ರೆಕ್ಕೆಯ ಬುಡದಲ್ಲಿ ಮುರಿಯದೆ ಹರಿದುಹೋದರೆ, ಎಎಸ್-12 ಹೊಡೆಯಲು ಮೈ ಸಿದ್ಧವಾಗಿದೆ ಎಂದರ್ಥ.