ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್ ಮತ್ತು ಉಬುಂಟು: ಮನೆಯ ಕಡತಗಳನ್ನು ಎಲ್ಲಿಡುವುದು?

ಪ್ರಶ್ನೆ, ದಾವಣಗೆರೆಯ ವಿದ್ಯಾನಗರದಿಂದ: ಲೆಕ್ಕಪತ್ರದ ಟ್ಯಾಲಿ ಮತ್ತು ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶಗಳಿಗಾಗಿ ವಿಂಡೋಸ್ ಇದೆ. ಮಗಳ ಎಂಜಿನಿಯರಿಂಗ್ ಓದಿಗೆಂದು ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಅನ್ನೂ ಹಾಕಿದ್ದೇವೆ. ದಾಖಲೆಗಳು, ಫೋಟೊಗಳು ಎರಡರಲ್ಲೂ ಸಿಗಬೇಕು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಚಿತ್ರದುರ್ಗದಿಂದ: ಸರ್, ಕಡತಗಳಿಗೆಂದೇ ಪ್ರತ್ಯೇಕ ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ) ಮಾಡಿ, ಅದನ್ನು ಎನ್‌ಟಿಎಫ್‌ಎಸ್ (ಕಡತಗಳನ್ನು ಡಿಸ್ಕ್‌ನಲ್ಲಿ ಜೋಡಿಸಿಡುವ ವಿಂಡೋಸ್‌ನ ವಿಧಾನ) ಆಗಿ ಫಾರ್ಮ್ಯಾಟ್ ಮಾಡಿ. ಉಬುಂಟು ಬಳಸುವ ಇಎಕ್ಸ್‌ಟಿ4 ವಿಧಾನವನ್ನು ವಿಂಡೋಸ್ ತಾನಾಗಿ ಓದುವುದಿಲ್ಲ, ಆದರೆ ಎನ್‌ಟಿಎಫ್‌ಎಸ್ ಅನ್ನು ಲಿನಕ್ಸ್ ಓದಿ ಬರೆಯುತ್ತದೆ. ವಿಂಡೋಸ್‌ನಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರಿನ ಪ್ರಾಪರ್ಟೀಸ್ ತೆರೆದು, ಲೊಕೇಶನ್ ವಿಭಾಗದಲ್ಲಿ ಹೊಸ ಜಾಗ ತೋರಿಸಿದರೆ ಸಾಕು. ಉಬುಂಟುವಿನ ‘ಡಿಸ್ಕ್ಸ್’ ಅಪ್ಲಿಕೇಶನ್‌ನಲ್ಲಿ ಆ ಪಾರ್ಟಿಷನ್ ಪ್ರತಿ ಸಲ ತಾನೇ ಮೌಂಟ್ ಆಗುವಂತೆ (ಬಳಕೆಗೆ ತೆರೆದುಕೊಳ್ಳುವಂತೆ) ಮಾಡಿಕೊಂಡು, ಅಲ್ಲಿನ ಫೋಲ್ಡರುಗಳಿಗೆ ಹೋಮ್‌ನಿಂದ (ಉಬುಂಟುವಿನಲ್ಲಿ ನಿಮ್ಮ ಸ್ವಂತ ಫೋಲ್ಡರಿನಿಂದ) ಲಿಂಕ್ ಕೊಡಿ. ಇಡೀ ಹೋಮ್ ಅನ್ನು ಮಾತ್ರ ಅಲ್ಲಿಗೆ ಸಾಗಿಸಬೇಡಿ. ಅದರೊಳಗೆ ಅಡಗಿರುವ ಸೆಟ್ಟಿಂಗ್ ಕಡತಗಳಿಗೆ ಲಿನಕ್ಸ್‌ನದೇ ಅನುಮತಿ ವ್ಯವಸ್ಥೆ ಬೇಕು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಒತ್ತಿದರೂ ಯಂತ್ರ ಪೂರ್ತಿ ಆರುವುದಿಲ್ಲ, ಅರ್ಧ ನಿದ್ದೆಗೆ ಜಾರುತ್ತದೆ. ಆಗ ಡಿಸ್ಕ್ ಇನ್ನೂ ವಿಂಡೋಸ್‌ನ ಹಿಡಿತದಲ್ಲೇ ಇರುವುದರಿಂದ ಉಬುಂಟು ಅದನ್ನು ಓದಲು ಮಾತ್ರ ತೆರೆಯುತ್ತದೆ, ಕೆಲವೊಮ್ಮೆ ತೆರೆಯುವುದೂ ಇಲ್ಲ. ಪಾರ್ಟಿಷನ್ ಕೆಟ್ಟಿದೆ ಎಂದುಕೊಂಡು ಮತ್ತೆ ಫಾರ್ಮ್ಯಾಟ್ ಮಾಡಿ ಮಕ್ಕಳ ಫೋಟೊಗಳನ್ನೆಲ್ಲ ಕಳೆದುಕೊಂಡವರನ್ನು ಕಂಡಿದ್ದೇನೆ, ತುಂಬಾ ಸಂಕಟವಾಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್‌ಗೆ ಇರುವ ಟಿಕ್ ತೆಗೆಯಿರಿ. ಹೈಬರ್ನೇಟ್ ಮಾಡಿ (ತೆರೆದ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಯಂತ್ರ ಆರಿಸಿ) ಉಬುಂಟುವಿಗೆ ಹೋಗುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗ ಟಿಕ್ ಮರಳಿ ಬಂದಿದೆಯೇ ಎಂದು ಒಮ್ಮೆ ನೋಡಿಬಿಡಿ.

ಹರಿಹರದಿಂದ: ಎನ್‌ಟಿಎಫ್‌ಎಸ್ ಬದಲು ಎಕ್ಸ್‌ಫ್ಯಾಟ್ ವಿಧಾನ ಸುಲಭ ಎಂದು ಯಾರಾದರೂ ಹೇಳಬಹುದು. ಎರಡೂ ಕಡೆ ಸಲೀಸಾಗಿ ತೆರೆಯುತ್ತದೆ, ನಿಜ. ಆದರೆ ಅದರಲ್ಲಿ ಜರ್ನಲ್ (ಡಿಸ್ಕ್‌ನಲ್ಲಿ ಮಾಡುವ ಬದಲಾವಣೆಗಳ ದಾಖಲೆ) ಇಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ ಚೇತರಿಸಿಕೊಳ್ಳುವುದು ಕಷ್ಟ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೆ ನಾನಂತೂ ಅದನ್ನು ಸೂಚಿಸುವುದಿಲ್ಲ. ಹಳೆಯ ಫ್ಯಾಟ್32 ಅಂತೂ ಬೇಡವೇ ಬೇಡ. 4 ಜಿಬಿ ಮುಟ್ಟುವ ಒಂದು ಮದುವೆ ವಿಡಿಯೊ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಎಲ್ಲಿಟ್ಟರೂ ಇನ್ನೊಂದು ಪ್ರತಿ ಹೊರಗಿನ ಡಿಸ್ಕ್‌ನಲ್ಲಿರಲಿ, ಒಂದೇ ಡಿಸ್ಕ್‌ನ ಎರಡು ಪಾರ್ಟಿಷನ್ ಬ್ಯಾಕಪ್ ಆಗುವುದಿಲ್ಲ.

ಹೊಳಲ್ಕೆರೆಯಿಂದ: ಮಗಳಿಗೆ ಒಂದು ಮಾತು ಹೇಳಿ. ಉಬುಂಟುವಿನಲ್ಲಿ ಕಡತಕ್ಕೆ ಹೆಸರಿಡುವಾಗ ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಬಳಸಿದರೆ ವಿಂಡೋಸ್ ಅದನ್ನು ತೆರೆಯಲು ಒಪ್ಪುವುದಿಲ್ಲ. ನೀವು ನುಡಿ ಎಂದಿರಿ: ಹಳೆಯ ನುಡಿ ಅಕ್ಷರದ ಕಡತಗಳು ಉಬುಂಟುವಿನಲ್ಲಿ ತೆರೆದುಕೊಂಡರೂ, ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮುಖ್ಯವಾದವನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ) ಪರಿವರ್ತಿಸಿ, ಮೂಲವನ್ನು ಅಳಿಸದೆ ಹಂಚಿಕೆಯ ಫೋಲ್ಡರಿಗೆ ಹಾಕಿ.