ಕೊಡಗಿನಲ್ಲಿ ಪುಟ್ಟ ರೇಡಿಯೊ ಕೇಂದ್ರಕ್ಕೆ ಪರವಾನಗಿ: ಹರಾಜಿಗೆ ಹೋಗಬೇಕೆ?

ಪ್ರಶ್ನೆ: ಪೊನ್ನಂಪೇಟೆ ತಾಲ್ಲೂಕಿನ ನಮ್ಮ ಟ್ರಸ್ಟ್ ನೋಂದಣಿಯಾಗಿ 4 ವರ್ಷವಾಯಿತು. ಸಣ್ಣ ಕಾಫಿ ಬೆಳೆಗಾರರಿಗೂ ತೋಟದ ಲೈನ್‌ಮನೆಗಳ (ಸಾಲುಮನೆಗಳ) ಕಾರ್ಮಿಕರಿಗೂ ಕೊಡವ ತಕ್ಕ್, ಬುಡಕಟ್ಟಿನ ಯರವರ ಭಾಷೆ ಮತ್ತು ಕನ್ನಡದಲ್ಲಿ ಕಾರ್ಯಕ್ರಮ ಕೇಳಿಸುವ ಒಂದು ಪುಟ್ಟ ರೇಡಿಯೊ ಕೇಂದ್ರ ಆರಂಭಿಸಬೇಕೆಂದಿದ್ದೇವೆ. 234 ಹೊಸ ನಗರಗಳಲ್ಲಿ 730 ಖಾಸಗಿ ಎಫ್‌ಎಂ ಚಾನೆಲ್‌ಗಳ ಹರಾಜಿಗೆ ಕೇಂದ್ರ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದ್ದನ್ನು ಓದಿದೆವು. ನಾವೂ ಹರಾಜಿಗೆ ಹೋಗಬೇಕೆ? ದೊಡ್ಡ ಕಂಪನಿಗಳ ನಡುವೆ ನಮ್ಮಂಥವರಿಗೆ ಜಾಗವಿದೆಯೆ?

ಉತ್ತರ (ಪ್ರಸಾರ ಪರವಾನಗಿ ಸಲಹೆಗಾರ): ಹರಾಜಿನ ಗೊಡವೆಯೇ ನಿಮಗೆ ಬೇಡ. ಹರಾಜಿನಲ್ಲಿ ಹಣ ಸುರಿದು ಚಾನೆಲ್ ಪಡೆದವರು ಆ ಹಣವನ್ನು ಜಾಹೀರಾತಿನಿಂದಲೇ ಹಿಂದೆ ಪಡೆಯಬೇಕಾಗುವುದರಿಂದ, ಹೆಚ್ಚು ಜನ ಕೇಳುವ ಭಾಷೆ ಮತ್ತು ಚಿತ್ರಗೀತೆಗಳ ಕಡೆಗೇ ವಾಲುತ್ತಾರೆ; ಕಡಿಮೆ ಜನರಾಡುವ ಯರವ ಭಾಷೆಗೆ ಆ ಲೆಕ್ಕದಲ್ಲಿ ಸ್ಥಾನ ಸಿಗುವುದಿಲ್ಲ. ಮಡಿಕೇರಿ ಆಕಾಶವಾಣಿ ಕೊಡವ ತಕ್ಕ್ ಮತ್ತು ಅರೆಭಾಷೆಯ ಕಾರ್ಯಕ್ರಮಗಳನ್ನು ಪ್ರಸಾರ ಮಾಡುತ್ತ ಬಂದಿದೆಯಾದರೂ ಅದು ಇಡೀ ಜಿಲ್ಲೆಯನ್ನು ನೋಡಿಕೊಳ್ಳಬೇಕು.

ನಿಮ್ಮ ದಾರಿ ಸಮುದಾಯ ರೇಡಿಯೊ, ಅಂದರೆ ಒಂದು ಪ್ರದೇಶದ ಜನರಿಗಾಗಿ ಲಾಭದ ಉದ್ದೇಶವಿಲ್ಲದೆ ನಡೆಸುವ ಸಣ್ಣ ಕೇಂದ್ರ. ತರಂಗಾಂತರಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2002ರ ನೀತಿಯಲ್ಲಿ ಶಿಕ್ಷಣ ಸಂಸ್ಥೆಗಳಿಗಷ್ಟೇ ಇದ್ದ ಅವಕಾಶ 2006ರಲ್ಲಿ ಲಾಭದ ಉದ್ದೇಶವಿಲ್ಲದ ನೋಂದಾಯಿತ ಸಂಸ್ಥೆಗಳಿಗೂ ದೊರೆಯಿತು. ಇಲ್ಲಿ ಹರಾಜಿಲ್ಲ. ಸಂಸ್ಥೆಗೆ ಕನಿಷ್ಠ 3 ವರ್ಷ ತುಂಬಿರಬೇಕು ಮತ್ತು ಆ ಸ್ಥಳದ ಜನರ ನಡುವೆ ಕೆಲಸ ಮಾಡಿದ ದಾಖಲೆ ಇರಬೇಕು. ಅರ್ಜಿಯನ್ನು ಮಾಹಿತಿ ಮತ್ತು ಪ್ರಸಾರ ಸಚಿವಾಲಯದ ಬ್ರಾಡ್‌ಕಾಸ್ಟ್ ಸೇವಾ ಜಾಲತಾಣದಲ್ಲಿ ಸಲ್ಲಿಸಬೇಕು. ನಿಮ್ಮ ನೆರೆಯ ಸರಗೂರಿನಲ್ಲಿ ಜನಧ್ವನಿ ಇದೇ ಬಗೆಯ ಪರವಾನಗಿಯಲ್ಲಿ ನಡೆಯುತ್ತಿರುವ ಕೇಂದ್ರ. ಅರ್ಜಿ ಬರೆಯುವ ಮೊದಲು ಒಂದು ದಿನ ಹೋಗಿ ಅಲ್ಲಿ ಕುಳಿತು ಬನ್ನಿ.

ಕೊಡಗಿನವರು ಕಾಗದಪತ್ರಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದುದು ಬೆಟ್ಟಗಳ ಬಗ್ಗೆ. ಸಾಮಾನ್ಯವಾಗಿ ಅನುಮತಿ ಇರುವುದು 100 ವ್ಯಾಟ್‌ವರೆಗಿನ ವಿಕಿರಣ ಶಕ್ತಿಗೆ (ಆಂಟೆನಾದಿಂದ ಹೊರಹೊಮ್ಮುವ ರೇಡಿಯೊ ಅಲೆಯ ಶಕ್ತಿಗೆ), ನೆಲದಿಂದ 30 ಮೀಟರ್‌ವರೆಗಿನ ಆಂಟೆನಾಕ್ಕೆ. ಬಯಲುಸೀಮೆಯಲ್ಲಿ ಇದು ಸುಮಾರು 10 ಕಿಲೋಮೀಟರ್ ತಲುಪಬಹುದು. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರಕ್ಕೇ ಹೋಗುವುದರಿಂದ ನಿಮ್ಮಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮಲೆನಾಡಿನ ಒಂದು ಕೇಂದ್ರಕ್ಕಾಗಿ ನಾನು ಜೀಪಿನಲ್ಲಿ ಸಣ್ಣ ರೇಡಿಯೊ ಹಿಡಿದು ಸುತ್ತಿದಾಗ, ತಿರುವಿನ ಈಚೆ ಹೆಂಗಸೊಬ್ಬರ ಮಾತು ಪಕ್ಕದಲ್ಲೇ ಕುಳಿತಂತೆ ಕೇಳುತ್ತಿತ್ತು. ದಿಬ್ಬ ದಾಟಿ 200 ಮೀಟರ್ ಇಳಿಯುವಷ್ಟರಲ್ಲಿ ಬರೀ ಸುಂಯ್ ಎನ್ನುವ ಸದ್ದು. ಕಾರ್ಮಿಕರ ಮನೆಗಳಿದ್ದದ್ದು ಆ ಇಳಿಜಾರಿನಲ್ಲೇ. ಆದ್ದರಿಂದ ಆಂಟೆನಾ ನಿಲ್ಲಿಸುವ ಜಾಗವನ್ನು ಕಚೇರಿಯ ಅನುಕೂಲ ನೋಡಿ ಆರಿಸಬೇಡಿ. ಯಾವ ಯಾವ ಲೈನ್‌ಮನೆಗಳಿಗೆ ಕೇಳಿಸಲೇಬೇಕೋ ಅವನ್ನು ನಕ್ಷೆಯಲ್ಲಿ ಮೊದಲು ಗುರುತಿಸಿ. ಮಳೆಗಾಲದ ಸಿಡಿಲಿಗೆ ಅರ್ಥಿಂಗ್, ಕರೆಂಟು ಹೋದರೆ ಬ್ಯಾಟರಿ, ಇವೆರಡರ ಖರ್ಚನ್ನು ಆರಂಭದ ಅಂದಾಜುಪಟ್ಟಿಯಲ್ಲೇ ಸೇರಿಸಿ.

ಮರುಪ್ರಶ್ನೆ: ಧನ್ಯವಾದ. ಖರ್ಚು ಹೇಗೆ ಹೊಂದಿಸುವುದು? ಆನೆ ತೋಟಕ್ಕಿಳಿದಿದೆ, ರಸ್ತೆಯ ಮೇಲೆ ಮಣ್ಣು ಕುಸಿದಿದೆ ಎಂದು ಹೇಳಲೂ ಆಗದೆ? ಸುದ್ದಿ ಓದುವಂತಿಲ್ಲ ಎಂದು ಕೇಳಿದ್ದೇವೆ.

ಉತ್ತರ: ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದು, 2024ರಲ್ಲಿ ಸರ್ಕಾರಿ ಜಾಹೀರಾತಿನ ದರವನ್ನು 10 ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿಸಿದರು. ಅಂದರೆ ನಿಮಿಷಕ್ಕೆ 444 ರೂಪಾಯಿ. ಆದರೆ ಆ 12 ನಿಮಿಷವೂ ದಿನವೂ ತುಂಬುತ್ತದೆಂದು ನಂಬಿ ಸಂಬಳ ನಿಗದಿ ಮಾಡಬೇಡಿ. ಬೆಳೆಗಾರರ ಸಹಕಾರ ಸಂಘ, ಗೊಬ್ಬರದಂಗಡಿ, ಸ್ವಸಹಾಯ ಗುಂಪುಗಳಿಂದ ಕನಿಷ್ಠ ಒಂದು ವರ್ಷದ ಬೆಂಬಲದ ಮಾತು ಪಡೆದ ಮೇಲೆಯೇ ಮುಂದಡಿ ಇಡಿ.

ಸುದ್ದಿಯ ವಿಷಯದಲ್ಲಿ ನೀವು ಕೇಳಿದ್ದು ನಿಜ. ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದೇ ಹೊರತು ಸ್ವಂತ ಸುದ್ದಿ ಕೂಡದು. ಮಣ್ಣಿನಡಿ ಊರು ಸಿಲುಕಿದ 2018ರ ಆಗಸ್ಟ್ ಕಂಡ ಜಿಲ್ಲೆಗೆ ಈ ನಿರ್ಬಂಧ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಿದ್ದರೂ ಹವಾಮಾನ, ಸಂಚಾರ, ಮತ್ತು ಸ್ಥಳೀಯ ಆಡಳಿತ ಒದಗಿಸುವ ಪ್ರಕೃತಿ ವಿಕೋಪ, ವಿದ್ಯುತ್, ನೀರು, ಆರೋಗ್ಯದ ಪ್ರಕಟಣೆಗಳನ್ನು ನಿಯಮವೇ ಸುದ್ದಿಯಲ್ಲವೆಂದು ಪರಿಗಣಿಸುತ್ತದೆ. "ಆಡಳಿತ ಒದಗಿಸುವ" ಎಂಬ ಮಾತನ್ನು ಗಮನಿಸಿ. ತಹಶೀಲ್ದಾರರ ಕಚೇರಿ ಮತ್ತು ಅರಣ್ಯ ಇಲಾಖೆಯ ವಲಯ ಕಚೇರಿಯೊಂದಿಗೆ ಈಗಲೇ ಮಾತನಾಡಿ, ಆನೆಯ ಓಡಾಟದ ಎಚ್ಚರಿಕೆ ಅವರಿಂದಲೇ ಲಿಖಿತವಾಗಿ ಅಥವಾ ವಾಟ್ಸ್‌ಆ್ಯಪ್ ಸಂದೇಶವಾಗಿ ಬರುವಂತೆ ಏರ್ಪಾಡು ಮಾಡಿಕೊಳ್ಳಿ. ಸಂದೇಶ ಬಂದ ಸಮಯ, ಓದಿದ ಸಮಯ, ಓದಿದವರ ಹೆಸರು ಒಂದು ರಿಜಿಸ್ಟರ್‌ನಲ್ಲಿರಲಿ. ಪ್ರಸಾರವಾದ ಎಲ್ಲ ಕಾರ್ಯಕ್ರಮಗಳ ಧ್ವನಿಮುದ್ರಣವನ್ನು 3 ತಿಂಗಳು ಕಾಪಾಡಬೇಕೆಂಬ ನಿಯಮ ಹೇಗೂ ಇದೆ. ಆ ರಿಜಿಸ್ಟರನ್ನೂ ಅದರ ಜೊತೆಗೇ ಇಟ್ಟುಕೊಳ್ಳಿ. ಎಚ್ಚರಿಕೆಯನ್ನು ಮೊದಲು ಯರವ ಭಾಷೆಯಲ್ಲಿ ಓದಿಸಿ, ಏಕೆಂದರೆ ಬೆಳಗಿನ ಮಂಜಿನಲ್ಲಿ ತೋಟದ ದಾರಿಯಲ್ಲಿ ಎಲ್ಲರಿಗಿಂತ ಮುಂಚೆ ನಡೆದು ಹೋಗುವವರು ಯರವ ಕಾರ್ಮಿಕರೇ.